ಕರೆಂಟ್ ಹೋದಾಗ ಸೋಲಾರ್ ಮನೆಯೂ ಯಾಕೆ ಕತ್ತಲು?
ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ತಿಂಗಳಿಗೆ 280–300 ಯೂನಿಟ್ ಖರ್ಚಾಗುತ್ತದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎಷ್ಟು ಕಿಲೋವಾಟ್ ಹಾಕಿಸಬೇಕು? ಸಬ್ಸಿಡಿ ಬರುವುದು ಖಾತ್ರಿಯೇ? (ತಿಪಟೂರು)

ಮೂರು ಕಿಲೋವಾಟ್ ಸಾಕು. ನಮ್ಮ ಬಯಲುಸೀಮೆಯಲ್ಲಿ ಒಂದು ಕಿಲೋವಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಲ್ಲಿಗೆ ತಿಂಗಳಿಗೆ 350ರ ಆಸುಪಾಸು. 540 ವಾಟಿನ ಪ್ಯಾನೆಲ್ ಆರು ಬೇಕು. ಪ್ರತಿಯೊಂದೂ ಹತ್ತಿರಹತ್ತಿರ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ನೆರಳಿಲ್ಲದ 300 ಚದರಡಿ ತಾರಸಿ ಇಟ್ಟುಕೊಳ್ಳಿ. ಮುಖ ದಕ್ಷಿಣಕ್ಕೆ, ವಾಲು 13–15 ಡಿಗ್ರಿ.

ಸಬ್ಸಿಡಿ ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಮೊತ್ತ ಅಷ್ಟೇ. ಪೋರ್ಟಲಿನಲ್ಲಿ ನೋಂದಾಯಿಸಿ, ಪಟ್ಟಿಯಲ್ಲಿರುವ ವೆಂಡರ್‌ನನ್ನೇ ಆರಿಸಿ, ಪ್ಯಾನೆಲ್ ಕೂರಿಸಿ, ಎಸ್ಕಾಂನವರು ಬಂದು ತಪಾಸಣೆ ಮಾಡಿ ನೆಟ್ ಮೀಟರ್ (ಲೈನಿನಿಂದ ಪಡೆದದ್ದನ್ನೂ ಲೈನಿಗೆ ಕೊಟ್ಟದ್ದನ್ನೂ ಅಳೆಯುವ ಮೀಟರ್) ಹಾಕಿದ ಮೇಲೆ ಹಣ ನಿಮ್ಮ ಖಾತೆಗೆ ಬರುತ್ತದೆ. 2024ರ ಗ್ರಾಹಕ ಹಕ್ಕುಗಳ ನಿಯಮದ ತಿದ್ದುಪಡಿಯ ಪ್ರಕಾರ 10 ಕಿಲೋವಾಟ್‌ವರೆಗೆ ತಾಂತ್ರಿಕ ಸಾಧ್ಯತಾ ಅಧ್ಯಯನದ ತಂಟೆಯೇ ಇಲ್ಲ.

ಹಣ ಸಿಕ್ಕಿಕೊಳ್ಳುವುದು ಎರಡು ಕಡೆ. ಒಂದು, ಆರ್‌ಆರ್ ನಂಬರ್ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿರುವುದು. ಅರ್ಜಿ, ಮೀಟರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಇರಬೇಕು. ಹೆಸರು ಬದಲಾವಣೆ ಮೊದಲು ಮುಗಿಸಿ, ಆಮೇಲೆ ಅರ್ಜಿ ಹಾಕಿ. ಎರಡು, ಪ್ಯಾನೆಲ್. ಸಬ್ಸಿಡಿ ಬೇಕಾದರೆ ಪ್ಯಾನೆಲ್ ಅಷ್ಟೇ ಅಲ್ಲ, ಅದರೊಳಗಿನ ಸೆಲ್ ಕೂಡ ದೇಶದಲ್ಲೇ ತಯಾರಾಗಿರಬೇಕು. ಇದನ್ನೇ ಡಿಸಿಆರ್ ಎನ್ನುವುದು. ಆಮದು ಸೆಲ್‌ನ ಪ್ಯಾನೆಲ್ ಅಗ್ಗ, ಆದ್ದರಿಂದ ಕೊಟೇಶನ್‌ನಲ್ಲಿ ಒಂದು, ತಾರಸಿಯ ಮೇಲೆ ಇನ್ನೊಂದು ಆಗುವ ಸಂಭವವಿದೆ. ಗಾಜಿನ ಕೆಳಗೆ ಬಾರ್‌ಕೋಡ್ ಜೊತೆ ಸೀರಿಯಲ್ ನಂಬರ್ ಇರುತ್ತದೆ. ಬೋಲ್ಟ್ ಬಿಗಿಯುವ ಮುಂಚೆ ಆರಕ್ಕೆ ಆರನ್ನೂ ಫೋಟೋ ತೆಗೆದು ಡಿಸಿಆರ್ ಪ್ರಮಾಣಪತ್ರದ ಜೊತೆ ತಾಳೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದ ಕೊಟೇಶನ್ ಒಪ್ಪಬೇಡಿ.

ಪ್ರಶ್ನೆ: ಸೋಲಾರ್ ಹಾಕಿಸಿ ಆರು ತಿಂಗಳಾಯಿತು. ಸುಡುಬಿಸಿಲಿದ್ದರೂ ಲೈನ್ ಹೋದ ಕೂಡಲೇ ಮನೆಯೂ ಬಂದ್. ವೆಂಡರ್ ಮೋಸ ಮಾಡಿದನೇ? (ಗಂಗಾವತಿ)

ಇಲ್ಲ, ಅದು ಇರಬೇಕಾದದ್ದೇ ಹಾಗೆ. ಲೈನ್ ಸತ್ತಿದೆ ಎಂದುಕೊಂಡು ಲೈನ್‌ಮನ್ ಕಂಬ ಹತ್ತಿದಾಗ ನಿಮ್ಮ ತಾರಸಿಯ ಕರೆಂಟ್ ಅದೇ ತಂತಿಗೆ ಹರಿದರೆ ಅವನ ಜೀವ ಹೋಗುತ್ತದೆ. ಅದಕ್ಕೇ ಗ್ರಿಡ್ ಇನ್ವರ್ಟರ್ ಲೈನ್ ಇಲ್ಲದ್ದನ್ನು ಕಂಡೊಡನೆ ತಾನೂ ನಿಲ್ಲುತ್ತದೆ. ಲೈನ್ ಇಲ್ಲದಾಗಲೂ ಬೆಳಕು ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯಲ್ಲಿ ಫ್ರಿಜ್, ಮೂರು ಫ್ಯಾನ್, ಲೈಟುಗಳು ಒಂದು ರಾತ್ರಿ ದಾಟುತ್ತವೆ. ಬ್ಯಾಟರಿಗೆ ಸೂರ್ಯಘರ್ ಸಬ್ಸಿಡಿ ಇಲ್ಲ.

ಒಂದು ಎಚ್ಚರಿಕೆ. ಮನೆಯ ಹಳೆಯ ಯುಪಿಎಸ್‌ನ ಔಟ್‌ಪುಟ್ ಅನ್ನು ಸೋಲಾರ್ ಇನ್ವರ್ಟರಿಗೆ ಕೊಟ್ಟು ‘ಲೈನ್ ಇದೆ’ ಎಂದು ಏಮಾರಿಸುವ ಉಪಾಯ ಹೇಳಿಕೊಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಹೆಚ್ಚಾದ ಕರೆಂಟ್ ಹಿಂದಕ್ಕೆ ಯುಪಿಎಸ್‌ಗೆ ನುಗ್ಗಿ ಅದನ್ನು ಸುಟ್ಟುಹಾಕುತ್ತದೆ. ಜನರೇಟರ್ ಇದ್ದರೂ ಇದೇ ಕತೆ.

ಪ್ರಶ್ನೆ: ಮಧ್ಯಾಹ್ನ 12ರಿಂದ 2ರವರೆಗೆ ಇನ್ವರ್ಟರ್ ಪದೇಪದೇ ನಿಲ್ಲುತ್ತದೆ. ಡಿಸ್‌ಪ್ಲೇಯಲ್ಲಿ ‘ಗ್ರಿಡ್ ಓವರ್ ವೋಲ್ಟೇಜ್’ ಬರುತ್ತದೆ. (ಶಿರಸಿ ತಾಲ್ಲೂಕು)

ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ದೂರ, ಲೈನಿನ ಕೊನೆಯಲ್ಲಿರುವ ಮನೆಗಳ ಕಾಯಿಲೆ ಇದು. ಕರೆಂಟನ್ನು ಲೈನಿಗೆ ತಳ್ಳಬೇಕಾದರೆ ಇನ್ವರ್ಟರ್ ತನ್ನ ವೋಲ್ಟೇಜನ್ನು ಲೈನಿಗಿಂತ ತುಸು ಮೇಲೆ ಇಡಬೇಕು. ಮಧ್ಯಾಹ್ನ ಊರಲ್ಲಿ ಬಳಕೆ ಕಡಿಮೆ, ಲೈನೇ 245ರಲ್ಲಿರುತ್ತದೆ. ನಿಮ್ಮದೂ ಸೇರಿ 253 ದಾಟಿದರೆ, ಅಂದರೆ 230ರ ಮೇಲೆ ಶೇ 10 ಮೀರಿದರೆ, ಟ್ರಿಪ್ ಆಗಬಹುದು.

ಮೊದಲು ಇನ್ವರ್ಟರಿನಿಂದ ಮೀಟರಿಗೆ ಬರುವ ಕೇಬಲ್ ನೋಡಿ. 3 ಕಿಲೋವಾಟ್ ಎಂದರೆ 13 ಆಂಪಿಯರ್. 40 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದರೆ ಅಲ್ಲೇ ಏಳೂವರೆ ವೋಲ್ಟ್ ಏರುತ್ತದೆ, 6 ಚದರ ಮಿಲಿಮೀಟರ್ ಹಾಕಿದರೆ ಬರೀ ಮೂರು ವೋಲ್ಟ್. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಮೂರು ದಿನ ಗಂಟೆಗೊಮ್ಮೆ ವೋಲ್ಟೇಜ್ ಬರೆದಿಟ್ಟು ಸೆಕ್ಷನ್ ಆಫೀಸಿಗೆ ಕೊಡಿ. ಹೆಚ್ಚು ಲೋಡ್ ಇರುವ ಫೇಸಿಗೆ ಬದಲಿಸಬಹುದು, ಟಿಸಿಯಲ್ಲಿ ವೋಲ್ಟೇಜ್ ಹೊಂದಿಸುವ ಟ್ಯಾಪ್ ಇದ್ದರೆ ಒಂದು ಹೆಜ್ಜೆ ಇಳಿಸಬಹುದು. ಗ್ರೈಂಡರ್, ವಾಷಿಂಗ್ ಮೆಷಿನ್, ನೀರಿನ ಪಂಪನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದೂ ಮದ್ದೇ. ಇನ್ವರ್ಟರಿನ ಮಿತಿಯನ್ನು 270ಕ್ಕೆ ಏರಿಸಿ ಕೈತೊಳೆದುಕೊಳ್ಳುವ ವೆಂಡರ್‌ನನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬೇಡಿ. ಮೊದಲು ಹೋಗುವುದು ಟಿವಿ, ಆಮೇಲೆ ಫ್ರಿಜ್‌ನ ಬೋರ್ಡ್.

ಪ್ರಶ್ನೆ: ದೇಶದ ಅರ್ಧದಷ್ಟು ವಿದ್ಯುತ್ ಈಗ ಶುದ್ಧ ಮೂಲದ್ದು ಎನ್ನುತ್ತಾರೆ. ಹಾಗಿದ್ದರೂ ಕಲ್ಲಿದ್ದಲು ಯಾಕೆ ಬಿಡುತ್ತಿಲ್ಲ? (ಧಾರವಾಡ)

ಅರ್ಧವಾಗಿರುವುದು ಸಾಮರ್ಥ್ಯ, ವಿದ್ಯುತ್ ಅಲ್ಲ. 2025ರ ಜೂನ್ ಕೊನೆಗೆ ಒಟ್ಟು ಸ್ಥಾಪಿತ ಸಾಮರ್ಥ್ಯ ಸುಮಾರು 485 ಗಿಗಾವಾಟ್, ಅದರಲ್ಲಿ ಜಲ, ಅಣು, ಗಾಳಿ, ಬಿಸಿಲು ಎಲ್ಲ ಸೇರಿ 243. 2030ಕ್ಕೆ ಮುಟ್ಟುತ್ತೇವೆಂದು ಪ್ಯಾರಿಸ್ ಒಪ್ಪಂದದಡಿ ಕೊಟ್ಟ ಮಾತನ್ನು ಐದು ವರ್ಷ ಮುಂಚೆ ಮುಟ್ಟಿದ್ದು ಸಣ್ಣ ಸಂಗತಿಯಲ್ಲ. ಆದರೆ ಒಂದು ಮೆಗಾವಾಟ್ ಸೋಲಾರ್ ವರ್ಷವಿಡೀ ಕೊಡುವುದು ತನ್ನ ಸಾಮರ್ಥ್ಯದ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಮಾತ್ರ. ಕಲ್ಲಿದ್ದಲು ಘಟಕ ಅದರ ಎರಡೂವರೆ, ಮೂರು ಪಟ್ಟು ಕೊಡುತ್ತದೆ. ಹೀಗಾಗಿ ಉರಿಯುವ ಯೂನಿಟ್‌ಗಳಲ್ಲಿ ಸುಮಾರು ಮುಕ್ಕಾಲು ಇನ್ನೂ ಕಲ್ಲಿದ್ದಲಿನದೇ.

ಇನ್ನೊಂದು ತೊಡಕು ಹೊತ್ತಿನದು. ಪಾವಗಡದ ಸೋಲಾರ್ ಪಾರ್ಕ್ ಶಕ್ತಿಸ್ಥಳವನ್ನೇ ನೋಡಿ. 13,000 ಎಕರೆ, 2,050 ಮೆಗಾವಾಟ್. ರೈತರ ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದದ್ದು ಬೇರೆ ರಾಜ್ಯಗಳೂ ಗಮನಿಸಿದ ಮಾದರಿ (ಭೂಮಿಯಿಲ್ಲದ ಕೂಲಿಯವರಿಗೆ ಅದರಿಂದ ಏನು ಬಂತು ಎಂಬ ಪ್ರಶ್ನೆ ಬೇರೆಯೇ ಇದೆ). ಆ ಪಾರ್ಕ್ ಮಧ್ಯಾಹ್ನ ಉಕ್ಕುತ್ತದೆ, ಊರೆಲ್ಲ ಲೈಟ್ ಹಾಕುವ ಏಳು ಗಂಟೆಗೆ ಸೊನ್ನೆ. ಆಗ ಆಸರೆ ಶರಾವತಿಯ ನೀರು, ರಾಯಚೂರು–ಬಳ್ಳಾರಿಯ ಕಲ್ಲಿದ್ದಲು. ಕಲ್ಲಿದ್ದಲು ಘಟಕವನ್ನು ಮಧ್ಯಾಹ್ನ ಆರಿಸಿ ಸಂಜೆ ಹೊತ್ತಿಸಲು ಬರುವುದಿಲ್ಲ. ಬಾಯ್ಲರ್ ತಣ್ಣಗಾದರೆ ಮತ್ತೆ ಕಾಯಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಹಗಲಿಡೀ ಸಣ್ಣ ಉರಿಯಲ್ಲಿ ನಡೆಸುತ್ತಾರೆ.

ಪರಿಹಾರ ಶೇಖರಣೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಉದ್ದೇಶ ಅದೇ. ಹಗಲಿನ ಕರೆಂಟಿನಲ್ಲಿ ನೀರು ಮೇಲಕ್ಕೆ, ಸಂಜೆ ಕೆಳಕ್ಕೆ. ಮೇಲೆತ್ತಲು 100 ಯೂನಿಟ್ ಹಾಕಿದರೆ 75–80 ವಾಪಸ್ ಸಿಗುತ್ತದೆ. ತಾಂತ್ರಿಕವಾಗಿ ಲೆಕ್ಕ ಸರಿ. ಆದರೆ ಅದು ಹಾಯುವುದು ಸಿಂಗಳೀಕದ ಅಭಯಾರಣ್ಯದೊಳಗೆ, ಮಳೆಗೆ ಕುಸಿಯುವ ಘಟ್ಟದಲ್ಲಿ. ಪಾವಗಡದಂಥ ಪಾರ್ಕುಗಳ ಪಕ್ಕದಲ್ಲೇ ಬ್ಯಾಟರಿ ಕೂರಿಸುವ ದಾರಿ ಇರುವಾಗ, ಮತ್ತು ಬ್ಯಾಟರಿಯ ದರ ಇಳಿಯುತ್ತಿರುವಾಗ, ಆ ಕಾಡನ್ನೇ ಮೊದಲು ಮುಟ್ಟಬೇಕೇ ಎಂಬುದು ನಮ್ಮ ತಕರಾರು.

ಪ್ರಶ್ನೆ: ಕುಸುಮ್ ಯೋಜನೆಯಲ್ಲಿ 5 ಎಚ್‌ಪಿ ಸೋಲಾರ್ ಪಂಪ್ ಹಾಕಿಸಿದರೆ ಮೂರು ಎಕರೆ ಅಡಿಕೆಗೆ ಸಾಕೇ? ಬೋರ್ 600 ಅಡಿ. (ಚನ್ನಗಿರಿ)

600 ಅಡಿ ಮುಖ್ಯವಲ್ಲ, ಪಂಪ್ ಓಡುವಾಗ ನೀರು ಎಲ್ಲಿ ನಿಲ್ಲುತ್ತದೆ ಎನ್ನುವುದು ಮುಖ್ಯ. 400 ಅಡಿಯಲ್ಲಿ ನಿಂತರೆ, 5 ಎಚ್‌ಪಿಗೆ ಕೊಡುವ 4,800 ವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 30,000 ಲೀಟರ್ ಎತ್ತುತ್ತದೆ. 200 ಅಡಿಯಲ್ಲಿ ನಿಂತರೆ ಅದರ ಇಮ್ಮಡಿ. ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 18 ಲೀಟರ್, ಎಕರೆಗೆ 550 ಮರ ಎಂದರೆ ಎಕರೆಗೆ 10,000 ಲೀಟರ್. ಅಂದರೆ ನೀರು 400 ಅಡಿಯಲ್ಲಿದ್ದರೆ ಮೂರು ಎಕರೆಗೆ ಹೇಗೋ ಸಾಕಾಗುತ್ತದೆ, ಮೋಡದ ದಿನ ಕೊರತೆ. ಡ್ರಿಪ್ಪನ್ನು ನೇರ ಪಂಪಿಗೆ ಜೋಡಿಸಬೇಡಿ. ಫಿಲ್ಟರಿನ ಒತ್ತಡಕ್ಕೆ ಇನ್ನೂ 20 ಮೀಟರ್ ಎತ್ತಿದಷ್ಟು ಭಾರ ಬೀಳುತ್ತದೆ, ಬೆಳಿಗ್ಗೆ ಮತ್ತು ಸಂಜೆ ಒತ್ತಡ ಸಾಲದೆ ಕೊನೆಯ ಸಾಲಿನ ಮರಗಳಿಗೆ ಹನಿಯೇ ಬೀಳುವುದಿಲ್ಲ. ಕೃಷಿಹೊಂಡಕ್ಕೆ ತುಂಬಿಸಿ, ಅಲ್ಲಿಂದ ಚಿಕ್ಕ ಮೋಟಾರಿನಲ್ಲಿ ಬಿಡಿ. ಸೋಲಾರ್ ಪಂಪಿಗೆಂದೇ ಇರುವ ಕುಸುಮ್-ಬಿ ವಿಭಾಗದಲ್ಲಿ ವೆಚ್ಚದ ಪಾಲು ಕೇಂದ್ರದ್ದು ಶೇ 30, ರಾಜ್ಯದ್ದು 50, ನಿಮ್ಮದು 20.

ಪ್ರಶ್ನೆ: ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಆದರೂ ಸೋಲಾರ್ ಹಾಕಿಸಲೇ? (ಮಂಡ್ಯ)

ಬೇಡ, ಉಳಿಸಲು ಅಲ್ಲಿ ಏನೂ ಇಲ್ಲ. ಬೇಸಿಗೆಯಲ್ಲಿ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬರುತ್ತಿದ್ದರೆ ಮೊದಲು ಫ್ಯಾನ್ ಬದಲಿಸಿ. ಹಳೆಯದು 75 ವಾಟ್, ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ನಾಲ್ಕು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 54 ಯೂನಿಟ್ ಉಳಿಯುತ್ತದೆ.