ಉಣ್ಣೆ ಜ್ವರ ಕ್ಯಾನ್ಸರ್ ಥರಾನಾ?

ಪ್ರಶ್ನೆ: ನಮ್ಮ ಎಚ್‌ಎಫ್ ಹಸುವಿಗೆ ಜೋರು ಜ್ವರ, ಭುಜದ ಮುಂದೆ ಗಡ್ಡೆ. ಡಾಕ್ಟರು ಥೈಲೇರಿಯಾ ಅಂದರು, ‘ಒಂಥರಾ ಕ್ಯಾನ್ಸರ್ ಇದ್ದಂಗೆ’ ಅಂತಲೂ ಸೇರಿಸಿದರು. ನಿಜವಾ?

ಉತ್ತರ: ಮುಕ್ಕಾಲು ನಿಜ. ಉಣ್ಣೆ ಕಚ್ಚಿದಾಗ ಒಳಬರುವ ಥೈಲೇರಿಯಾ ಆನ್ಯುಲೇಟಾ ಅನ್ನೋ ಸೂಕ್ಷ್ಮ ಪರಾವಲಂಬಿ ನೇರವಾಗಿ, ರೋಗ ತಡೆಯಬೇಕಾದ ಬಿಳಿ ರಕ್ತಕಣದೊಳಗೇ ಮನೆ ಮಾಡುತ್ತದೆ. ಪೊಲೀಸಪ್ಪನ ಮನೆಯಲ್ಲೇ ಕಳ್ಳ ಬಾಡಿಗೆಗೆ ಇದ್ದ ಹಾಗೆ, ಅಲ್ವಾ! ಸುಮ್ನೆ ಇರುವುದೂ ಇಲ್ಲ. ಸಾಯಬೇಡ, ಎರಡಾಗುತ್ತಲೇ ಇರು ಅಂತ ಕಣವನ್ನು ಹುರಿದುಂಬಿಸುತ್ತದೆ, ಕಣ ಎರಡಾಗುವಾಗ ವರ್ಣತಂತುಗಳನ್ನು (ಕ್ರೋಮೋಸೋಮ್) ಎಳೆಯುವ ದಾರಗಳಿಗೇ ಅಂಟಿಕೊಂಡು ತಾನೂ ಎರಡು ಪಾಲಾಗಿ ಎರಡೂ ಮರಿಕಣಗಳಿಗೆ ಹೋಗುತ್ತದೆ. ಗಡ್ಡೆ ಊದುವುದು ಇಂಥ ಕಣಗಳು ಜಾಸ್ತಿಯಾಗಿ. ಆದರೆ ಕ್ಯಾನ್ಸರ್‌ಗೂ ಇದಕ್ಕೂ ಒಂದು ವ್ಯತ್ಯಾಸ ಇದೆ: ಬುಪಾರ್ವಕ್ವೋನ್ ಇಂಜೆಕ್ಷನ್‌ನಿಂದ ಪರಾವಲಂಬಿ ಸತ್ತರೆ ಕಣದ ಹುಚ್ಚೂ ಇಳಿಯುತ್ತದೆ. ಬೇಗ ಕೊಡಿಸಬೇಕು, ಅಷ್ಟೇ. ಕೊಟ್ಟಿಗೆ ಗೋಡೆಯ ಬಿರುಕುಗಳಲ್ಲೂ ಉಣ್ಣೆ ಅಡಗಿರುತ್ತವೆ, ಅಲ್ಲೂ ನೋಡಿ.