ಆಟದಂಗಳ: ಓದುಗರು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಂದ ಫುಟ್‌ಬಾಲ್ ಪ್ರಶ್ನೆಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಕಡೆಯವು. ಒಂದೇ ಪ್ರಶ್ನೆಯನ್ನು ನಾಲ್ಕೈದು ಮಂದಿ ಕೇಳಿದ್ದರಿಂದ ಅದರಿಂದಲೇ ಶುರು.

ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲವಂತೆ. ನಮ್ಮೂರ ರಸಪ್ರಶ್ನೆಯಲ್ಲಿ ಇದೇ ಉತ್ತರಕ್ಕೆ ಅಂಕ ಕೊಟ್ಟರು. ನಿಜವೇ? (ಸಕಲೇಶಪುರ)

ಕೊಟ್ಟ ಅಂಕ ವಾಪಸ್ ತೆಗೆದುಕೊಳ್ಳಲು ಹೇಳಿ. ಅರ್ಹತಾ ಗುಂಪಿನಲ್ಲಿದ್ದ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದವು. ಹಾಗಾಗಿ ಭಾರತ ಒಂದೂ ಪಂದ್ಯ ಆಡದೆ ಬ್ರೆಜಿಲ್‌ಗೆ ಅರ್ಹತೆ ಪಡೆಯಿತು. ಸ್ವೀಡನ್, ಇಟಲಿ, ಪರಗ್ವೆ ಇದ್ದ ಗುಂಪಿನಲ್ಲಿ ಜಾಗವೂ ಸಿಕ್ಕಿತು. ಖರ್ಚಿನ ದೊಡ್ಡ ಪಾಲನ್ನು ಹೊರಲು ಆತಿಥೇಯರು ಸಿದ್ಧರಿದ್ದರು. ನಮ್ಮ ಫೆಡರೇಷನ್ ಕೊಟ್ಟ ಕಾರಣ ಎರಡು: ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ, ಅಭ್ಯಾಸಕ್ಕೆ ಸಮಯ ಸಾಲದು. ಅಸಲು ವಿಷಯವೆಂದರೆ, ಆ ಕಾಲದಲ್ಲಿ ನಮ್ಮವರ ಕಣ್ಣಿಗೆ ಒಲಿಂಪಿಕ್ಸೇ ದೊಡ್ಡದು. ವಿಶ್ವಕಪ್ ಯಾರಿಗೂ ಅಷ್ಟಾಗಿ ಬೇಕಿರಲಿಲ್ಲ. ಬೂಟು ಕಾರಣವಲ್ಲವೆಂದು ಆಗಿನ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದ್ದಾರೆ.

ಬರಿಗಾಲಿನ ಕಥೆ ಹುಟ್ಟಿದ್ದಕ್ಕೆ ಆಧಾರ ಇಲ್ಲದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಬಹುತೇಕ ಆಟಗಾರರು ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡೇ ಇಳಿದಿದ್ದರು. ಫ್ರಾನ್ಸ್ ವಿರುದ್ಧ 1-2ರಿಂದ ಸೋತದ್ದು ಬರಿಗಾಲಿನಿಂದಲ್ಲ, ಎರಡು ಪೆನಾಲ್ಟಿ ಕೈಚೆಲ್ಲಿದ್ದರಿಂದ. 1952ರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10-1ರಿಂದ ಬಡಿದ ಮೇಲಷ್ಟೇ ನಮ್ಮ ಫೆಡರೇಷನ್ ಬೂಟು ಕಡ್ಡಾಯ ಮಾಡಿತು.

ಭಾರತದ ಅತಿ ದೊಡ್ಡ ಸಾಧನೆ ಯಾವುದು? 1956ರ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನವೋ, ಏಷ್ಯನ್ ಗೇಮ್ಸ್ ಚಿನ್ನವೋ? (ಚಿಕ್ಕಮಗಳೂರು)

ನಮ್ಮ ಓಟು 1962ರ ಜಕಾರ್ತ ಚಿನ್ನಕ್ಕೆ.

ಮೆಲ್ಬರ್ನ್‌ನ ನಾಲ್ಕನೇ ಸ್ಥಾನ ಕಡಿಮೆಯದೇನಲ್ಲ. ಆತಿಥೇಯ ಆಸ್ಟ್ರೇಲಿಯಾ ವಿರುದ್ಧ 4-2 ಗೆಲುವು, ನೆವಿಲ್ ಡಿಸೋಜಾ ಹ್ಯಾಟ್ರಿಕ್; ಒಲಿಂಪಿಕ್ಸ್‌ನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲೂ ಅವರದೇ, ಆಮೇಲೆ ನಾಲ್ಕು ಬಿಟ್ಟುಕೊಟ್ಟೆವು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 0-3. ಆದರೆ ಮೊದಲ ಸುತ್ತಿನ ಎದುರಾಳಿ ಹಂಗೆರಿ ಬಾರದೆ ವಾಕ್‌ಓವರ್ ಸಿಕ್ಕಿತ್ತು. ಅಂದರೆ ಗೆದ್ದದ್ದು ಒಂದೇ ಪಂದ್ಯ. ಇದನ್ನು ಮರೆತು ಹೊಗಳುವುದು ಸರಿಯಲ್ಲ.

ಜಕಾರ್ತದಲ್ಲಿ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತರು. ಆಮೇಲೆ ಥಾಯ್ಲೆಂಡ್ ವಿರುದ್ಧ 4-1, ಜಪಾನ್ ವಿರುದ್ಧ 2-0. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಆದರೂ ಕೋಚ್ ಸೈಯದ್ ಅಬ್ದುಲ್ ರಹೀಂ ಜರ್ನೈಲ್‌ರನ್ನು ಕೂರಿಸಲಿಲ್ಲ. ಹಿಂದಿನಿಂದ ತೆಗೆದು ಸೆಂಟರ್ ಫಾರ್ವರ್ಡ್ ಮಾಡಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ (ದಕ್ಷಿಣ ವಿಯೆಟ್ನಾಂ ವಿರುದ್ಧ 3-2) ಫೈನಲ್‌ನಲ್ಲೂ ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಳಿ ಮತ್ತದೇ ಕೊರಿಯಾ. ಗ್ಯಾಲರಿ ಪೂರ್ತಿ ನಮ್ಮ ವಿರುದ್ಧ ಕೂಗುತ್ತಿತ್ತು, ಇಸ್ರೇಲ್–ತೈವಾನ್‌ಗೆ ಆತಿಥೇಯರು ವೀಸಾ ಕೊಡದ್ದನ್ನು ಭಾರತೀಯ ಅಧಿಕಾರಿಯೊಬ್ಬರು ಪ್ರಶ್ನಿಸಿದ್ದ ಸಿಟ್ಟು ಅದು. ಪಿ.ಕೆ. ಬ್ಯಾನರ್ಜಿ, ಜರ್ನೈಲ್ ಗೋಲುಗಳಿಂದ 2-1. ಕ್ಯಾನ್ಸರ್ ಪೀಡಿತ ರಹೀಂ ಮರುವರ್ಷ ತೀರಿಕೊಂಡರು.

1951ರ ದೆಹಲಿ ಚಿನ್ನ (ಇರಾನ್ ವಿರುದ್ಧ ಮೇವಾಲಾಲ್ ಅವರ ಏಕೈಕ ಗೋಲು), 1964ರ ಏಷ್ಯಾ ಕಪ್‌ನಲ್ಲಿ ಎರಡನೇ ಸ್ಥಾನ, 1970ರ ಬ್ಯಾಂಕಾಕ್ ಕಂಚು ಇವೂ ಲೆಕ್ಕಕ್ಕೆ ಬರಬೇಕು. ಆಮೇಲೆ ಏಷ್ಯನ್ ಗೇಮ್ಸ್‌ನಲ್ಲಿ ಪದಕವಿಲ್ಲ. ಒಂದು ಕಾರಣವನ್ನು ಯಾರೂ ಗಮನಿಸುವುದಿಲ್ಲ: ಹೊರಗಿನವರು 90 ನಿಮಿಷ ಆಡುತ್ತಿದ್ದಾಗ ನಮ್ಮ ದೇಸಿ ಪಂದ್ಯಗಳು 70 ನಿಮಿಷಕ್ಕೆ ಮುಗಿಯುತ್ತಿದ್ದವು. ಕೊನೆಯ 20 ನಿಮಿಷದ ದಮ್ಮು ಎಲ್ಲಿಂದ ಬರಬೇಕು?

ನಮ್ಮ ಮೈದಾನ ಜೂನ್‌ನಿಂದ ಕೆಸರು, ಜನವರಿಯಲ್ಲಿ ಕಲ್ಲು. ಹುಡುಗರು ಬರಿಗಾಲೇ ವಾಸಿ ಅಂತಾರೆ. ಒಂದೇ ಜೊತೆ ಬೂಟು ಕೊಳ್ಳುವುದಾದರೆ ಯಾವುದು? (ಮೂಡಿಗೆರೆಯ ಪಿ.ಇ. ಮೇಷ್ಟ್ರು)

ಪಂದ್ಯದ ನಿಯಮದಲ್ಲಿ ಪಾದರಕ್ಷೆ, ಶಿನ್‌ಗಾರ್ಡ್ ಎರಡೂ ಕಡ್ಡಾಯ ಮೇಷ್ಟ್ರೇ, ಬರಿಗಾಲಿಗೆ ಅವಕಾಶವಿಲ್ಲ. ಒಂದೇ ಜೊತೆ ಎಂದರೆ ಅಟ್ಟೆಯೊಂದಿಗೇ ಅಚ್ಚಾದ ಗಿಡ್ಡ ಸ್ಟಡ್‌ನದು ತೆಗೆದುಕೊಳ್ಳಿ. ಆರು ಉದ್ದ ಸ್ಟಡ್‌ನ ಬೂಟು ಕೆಸರಿಗೆ ಚೆನ್ನ, ಗಟ್ಟಿ ನೆಲಕ್ಕೆ ಅಪಾಯ: ಸ್ಟಡ್ ಮಣ್ಣಿಗೆ ಇಳಿಯದೆ ಕಾಲು ಮೇಲೇ ನಿಂತು ಹರಡು ಹೊರಳುತ್ತದೆ. ಗಿಡ್ಡ ಸ್ಟಡ್‌ನ ತೊಂದರೆ ಬೇರೆ. ಸಂದಿಯಲ್ಲಿ ಜೇಡಿಮಣ್ಣು ತುಂಬಿ ಅಡಿ ನುಣ್ಣಗಾಗುತ್ತದೆ. ಸ್ಟಡ್‌ಗಳು ವಿರಳವಾಗಿರುವುದನ್ನು ಆರಿಸಿ, ವಿರಾಮದಲ್ಲಿ ಕಡ್ಡಿಯಿಂದ ಕೆದಕಿ ತೆಗೆಸಿ.

ನೆನೆದ ಬೂಟನ್ನು ಬಚ್ಚಲೊಲೆಯ ಪಕ್ಕ ಇಡಲೇಬಾರದು. ಬಿಸಿಗೆ ಅಂಟು ಮೆತ್ತಗಾಗಿ ಅಟ್ಟೆ ಬಾಯಿ ಬಿಡುತ್ತದೆ. ಲೇಸು, ಒಳಅಟ್ಟೆ ತೆಗೆದು ಹಳೆ ಪೇಪರ್ ತುರುಕಿ ಗಾಳಿಯಾಡುವಲ್ಲಿಡಿ. ಪೇಪರ್ ನೆಂದಂತೆಲ್ಲ ಬದಲಿಸಿ.

ಫಿಫಾ ರ್‍ಯಾಂಕಿಂಗ್ ಲೆಕ್ಕ ಹೇಗೆ? ಡ್ರಾ ಆದರೂ ಅಂಕ ಇಳಿಯುತ್ತದಲ್ಲ? (ವಿದ್ಯಾರ್ಥಿ, ಹಾಸನ)

2018ರಿಂದ ಸೂತ್ರ ಸರಳ: ಪಂದ್ಯದ ತೂಕ × (ಫಲಿತಾಂಶ − ನಿರೀಕ್ಷೆ). ಗೆಲುವಿಗೆ 1, ಡ್ರಾಗೆ 0.5, ಸೋಲಿಗೆ 0. ಶೂಟೌಟ್‌ನಲ್ಲಿ ಗೆದ್ದರೆ 0.75, ಸೋತರೆ 0.5. ತೂಕ ಸ್ನೇಹಪರ ಪಂದ್ಯಕ್ಕೆ ಸಾಮಾನ್ಯವಾಗಿ 10, ವಿಶ್ವಕಪ್ ಅರ್ಹತಾ ಪಂದ್ಯಕ್ಕೆ 25.

ನಿಮ್ಮದು 1100, ಎದುರಾಳಿಯದು 1250 ಅಂಕ ಎಂದುಕೊಳ್ಳಿ. ವ್ಯತ್ಯಾಸ 150 ಅನ್ನು 600ರಿಂದ ಭಾಗಿಸಿದರೆ 0.25; 10ರ ಘಾತ 0.25 ಎಂದರೆ 1.78. ಅದಕ್ಕೆ 1 ಕೂಡಿಸಿ, 1 ಅನ್ನು ಆ ಮೊತ್ತದಿಂದ ಭಾಗಿಸಿದರೆ ನಿರೀಕ್ಷೆ 0.36. ಅರ್ಹತಾ ಪಂದ್ಯ ಗೆದ್ದರೆ 25 × 0.64, ಅಂದರೆ 16 ಅಂಕ ಸೇರುತ್ತದೆ, ಡ್ರಾಗೆ 3.5, ಸೋತರೆ 9 ಹೋಗುತ್ತದೆ. ಅದೇ 900 ಅಂಕದ ತಂಡದೊಂದಿಗೆ ಸ್ನೇಹಪರ ಪಂದ್ಯ ಆಡಿದರೆ ನಿರೀಕ್ಷೆ 0.68. ಗೆದ್ದರೂ ಮೂರು ಚಿಲ್ಲರೆ, ಡ್ರಾ ಆದರೆ ಸುಮಾರು 1.8 ಕಳೆತ. ಭಾರತದ ಅತ್ಯುತ್ತಮ ಸ್ಥಾನ 1996ರ ಫೆಬ್ರವರಿಯ 94. ಆಗಿನ ಲೆಕ್ಕದ ವಿಧಾನವೇ ಬೇರೆಯಾದ್ದರಿಂದ ಇಂದಿನದಕ್ಕೆ ಹೋಲಿಸಬೇಡಿ.

ರಾಷ್ಟ್ರೀಯ ತಂಡದಲ್ಲಿ ಕನ್ನಡನಾಡಿನ ಪಾಲೇನು? (ಕಡೂರು)

ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಎರಡು ಗೋಲೂ ಈ ಕಡೆಯವೇ. 1948ರದ್ದು ಮೈಸೂರು ತಂಡದ ಸಾರಂಗಪಾಣಿ ರಾಮನ್ ಅವರದು, 1952ರ ಆ ಹತ್ತಕ್ಕೆ ಒಂದು ಬೆಂಗಳೂರಿನ ಅಹ್ಮದ್ ಖಾನ್ ಅವರದು. 1956, 1960ರಲ್ಲಿ ಹಾಫ್‌ಬ್ಯಾಕ್ ಆಗಿದ್ದ ಕೆಂಪಯ್ಯ ಕೂಡ ಬೆಂಗಳೂರಿನವರು. ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಐದನೆಯದು ಕರ್ನಾಟಕದ ಹೆಸರಿನಲ್ಲಿ ಬಂದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.