ಕಿಚ್ರಿ ಕುರೂತ್‌ಗೆ ಯಾವ ಅಕ್ಕಿ ಅಂತ ಕೇಳಿದ್ದೀರಿ, ಮೊದಲು ಉಪ್ಪಿನ ವಿಷಯ ಕೇಳಿ

ಕಿಚ್ರಿ ಕುರೂತ್ ಅನ್ನೋ ಅಫ್ಘಾನಿ ಅಡುಗೆಗೆ ಬಾಸ್ಮತಿನಾ ಸೋನಾ ಮಸೂರಿನಾ ಅಂತ ನಾನೂ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಆಗ ದೆಹಲಿಯ ಲಾಜಪತ್ ನಗರದಲ್ಲಿದ್ದೆ. ಅಲ್ಲಿ ಅಫ್ಘಾನಿಸ್ತಾನದಿಂದ ಬಂದ ಕುಟುಂಬಗಳು ಜಾಸ್ತಿ, ನಮ್ಮ ಮೇಲಿನ ಮನೆಯವರೂ ಕಾಬೂಲಿನವರು. ಒಂದು ಚಳಿಗಾಲ ಆ ಮನೆಯ ಹಿರಿಯಮ್ಮ (ಎಲ್ಲರಂತೆ ನಾನೂ ಖಾಲಾ ಜಾನ್, ಅಂದರೆ ಪ್ರೀತಿಯ ಚಿಕ್ಕಮ್ಮ, ಅನ್ನುತ್ತಿದ್ದೆ) ಒಂದು ತಟ್ಟೆ ಕಿಚ್ರಿ ಕುರೂತ್ ಕೊಟ್ಟು ಕಳಿಸಿದರು. ಮೆತ್ತಗೆ ಬೆಂದ ಅಕ್ಕಿ, ಹೆಸರುಕಾಳು. ನಡುವೆ ಗುಳಿ ಮಾಡಿ ಬಿಳೀ ಹುಳಿ ಕುರೂತ್ (ಒಣಗಿಸಿದ ಮೊಸರನ್ನು ಕರಗಿಸಿದ್ದು), ಅದರ ಮೇಲೆ ಒಣ ಪುದೀನ ಹಾಕಿ ಕಾಯಿಸಿದ ಎಣ್ಣೆ. ಹುಗ್ಗಿ ತಿಂದು ಬೆಳೆದವನಿಗೆ ಇದು ಗೊತ್ತಿರುವ ಅಡುಗೆಯೇ ಅನ್ನಿಸಿತು. ಅಲ್ಲೇ ಎಡವಿದ್ದು.

ಅವರಿಂದ ಒಂದು ಬೊಗಸೆ ಕುರೂತ್ ಉಂಡೆ ಇಸಿದುಕೊಂಡು, ಭಾನುವಾರ ಅವರ ಮನೆಯವರನ್ನೆಲ್ಲ ಊಟಕ್ಕೆ ಕರೆದೆ. ಅಕ್ಕಿ, ಕಾಳಿಗೆ ಹುಗ್ಗಿಗೆ ಹಾಕುವಷ್ಟೇ ಉಪ್ಪು ಹಾಕಿದೆ. ರುಚಿ ನೋಡಿದೆ, ಸರಿಯಾಗಿತ್ತು. ನೋಡಿ, ತಪ್ಪಾಗಿದ್ದು ಇಲ್ಲೇ. ಕುರೂತ್ ಅಂದರೆ ಮೊಸರಿನ ನೀರು ಬಸಿದು, ಉಪ್ಪು ಬೆರೆಸಿ, ಉಂಡೆ ಕಟ್ಟಿ ಒಣಗಿಸಿದ್ದು. ಕಲ್ಲಿನಷ್ಟು ಗಟ್ಟಿ. ತಿಂಗಳುಗಟ್ಟಲೆ ಕೆಡಬಾರದು ಅಂತ ಉಪ್ಪು ಜೋರಾಗಿಯೇ ಇರುತ್ತದೆ. ನಾನು ಬಿಸಿನೀರಲ್ಲಿ ನೆನೆಸಿ, ಉಜ್ಜಿ ಕರಗಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿದೆ, ಜೊತೆಗೆ ಅಭ್ಯಾಸಬಲದಿಂದ ಒಂದು ಚಿಟಿಕೆ ಉಪ್ಪನ್ನೂ ಹಾಕಿದೆ. ಅನ್ನ ಬೇರೆ, ಕುರೂತ್ ಬೇರೆ ಅಂತ ರುಚಿ ನೋಡಿದೆನೇ ಹೊರತು ಎರಡನ್ನೂ ಕಲಸಿ ಒಂದು ತುತ್ತು ಬಾಯಿಗೆ ಹಾಕಲಿಲ್ಲ. ಚಿಕ್ಕ ಹುಡುಗಿ ಎರಡನೇ ತುತ್ತಿಗೇ ನೀರು ಕೇಳಿದಳು. ಖಾಲಾ ಜಾನ್ ಮಾತ್ರ ಏನೂ ಹೇಳದೆ ತಟ್ಟೆ ಖಾಲಿ ಮಾಡಿದರು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ಮುಂದಿನ ಶುಕ್ರವಾರ ಅವರೇ ನನ್ನ ಅಡುಗೆಮನೆಗೆ ಬಂದು ಮಾಡಿ ತೋರಿಸಿದರು. ಅನ್ನವನ್ನು ಬರೀ ಬಾಯಿಗೆ ಹಾಕಿಕೊಂಡೆ, ಸಪ್ಪೆ. ಕುರೂತ್ ಕಲಸಿಕೊಂಡ ಮೇಲೆ ಸರಿಹೋಯಿತು.

ಹಾಗಾಗಿ ಯಾವ ಅಕ್ಕಿ ಅನ್ನೋದು ದೊಡ್ಡ ಪ್ರಶ್ನೆಯೇ ಅಲ್ಲ. ಬಾಸ್ಮತಿ ಬೇಡ, ಅದು ಉದುರಾಗುತ್ತದೆ. ಇಲ್ಲಿ ಬೇಕಾದದ್ದು ಅಂಟು. ಅಫ್ಘಾನಿಸ್ತಾನದವರು ಗಿಡ್ಡ ಕಾಳಿನ ಅಕ್ಕಿ ಹಾಕುತ್ತಾರೆ. ಊರಲ್ಲಿ ಸಿಗುವ ಹೊಸ ಅಕ್ಕಿ ಯಾವುದಾದರೂ ನಡೆಯುತ್ತದೆ, ಹೊಸ ಅಕ್ಕಿ ಮುದ್ದೆಯಾಗುತ್ತದೆ ಅಲ್ವಾ. 2 ಲೋಟ ಅಕ್ಕಿಗೆ 1 ಲೋಟ ಹೆಸರುಕಾಳು. ಬೇಳೆ ಅಲ್ಲ, ಸಿಪ್ಪೆ ಇರುವ ಇಡೀ ಕಾಳು. ಈರುಳ್ಳಿ ಹುರಿದು, ಅರಿಶಿನ ಹಾಕಿ, ಕಾಳು ಬಿರಿಯುವವರೆಗೆ ಮೊದಲು ಅದನ್ನೇ ಬೇಯಿಸಿ, ಆಮೇಲೆ ಅಕ್ಕಿ ಹಾಕಿ. ಕುಕ್ಕರ್ ಬೇಡ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿ ಸಾಕು.

ಕುರೂತ್ ಬದಲು ಮೊಸರು ಹಾಕಲಾ ಅಂತಲೂ ಕೇಳಿದ್ದೀರಿ. ಹಾಗೇ ನೀರು ಮೊಸರು ಸುರಿಯಬೇಡಿ. ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿ. ಹಾಗೆ ಬಸಿದ ಮೊಸರಿಗೆ ಅವರು ಚಕ್ಕಾ ಅನ್ನುತ್ತಾರೆ, ನಮ್ಮ ಶ್ರೀಖಂಡದ ಚಕ್ಕಾನೇ. ಅದಕ್ಕೆ ಬೆಳ್ಳುಳ್ಳಿ ಸೇರಿಸಿ. ಆಗ ಮಾತ್ರ ಉಪ್ಪು ನೀವೇ ಹಾಕಬೇಕು. ಅವರು ಇದರ ಜೊತೆ ಮಾಂಸದ ಉಂಡೆ ಬಡಿಸುತ್ತಾರೆ. ನಾನು ತಿನ್ನುವುದಿಲ್ಲ, ಪುದೀನ ಎಣ್ಣೆಯನ್ನೇ ಜಾಸ್ತಿ ಹಾಕಿಕೊಳ್ಳುತ್ತೇನೆ.